ಲಾರಿ ನಿಂತಲ್ಲಿ ರೇಂಜ್ ಬೇಕು

ಇಳಕಲ್ ಸುತ್ತಿನ ಕ್ವಾರಿಗಳಿಂದ ಗ್ರಾನೈಟ್ ಬ್ಲಾಕ್ ಹೇರಿಕೊಂಡ ಲಾರಿ ಹೆದ್ದಾರಿಗೆ ಬರುವ ಮೊದಲೇ ಇಂಟರ್‌ನೆಟ್ಟಿನ ಹಂಗಿಗೆ ಬಿದ್ದಿರುತ್ತದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರವಾನಗಿ ಕಂಪ್ಯೂಟರಿನಿಂದ ಬರಬೇಕು. ಜಿಎಸ್‌ಟಿಯ ಇ-ವೇ ಬಿಲ್ ಪೋರ್ಟಲ್‌ನಲ್ಲಿ ಹುಟ್ಟಬೇಕು. ಡೀಸೆಲ್ಲಿಗೆ ಮಾಲೀಕ ಕಳಿಸುವ ಅಡ್ವಾನ್ಸ್ ಫೋನಿಗೆ ಬೀಳಬೇಕು, ಲೋಡ್ ಇಳಿಸಿದ ಮೇಲೆ ಸಹಿಯಾದ ಬಿಲ್ಟಿಯ ಫೋಟೊ ವಾಟ್ಸ್‌ಆ್ಯಪಿನಲ್ಲಿ ಹೋಗಬೇಕು, ಆಮೇಲೆ ರಿಟರ್ನ್ ಲೋಡ್ ಹುಡುಕುವುದೂ ಅದರಲ್ಲೇ. ಇವೆಲ್ಲ ಹಿಂದೆ ಡ್ರೈವರ್ ಸೀಟಿನ ಹಿಂದಿನ ತಗಡಿನ ಪೆಟ್ಟಿಗೆಯಲ್ಲಿ ಮತ್ತು ಟ್ರಾನ್ಸ್‌ಪೋರ್ಟ್ ಆಫೀಸಿನ ಲ್ಯಾಂಡ್‌ಲೈನ್ ಫೋನಿನಲ್ಲಿ ನಡೆಯುತ್ತಿದ್ದ ವ್ಯವಹಾರ. ಅಂತರರಾಜ್ಯ ಸಾಗಣೆಗೂ ಕರ್ನಾಟಕದೊಳಗಿನ ಸಾಗಣೆಗೂ ಇ-ವೇ ಬಿಲ್ ಕಡ್ಡಾಯವಾದದ್ದು 2018ರ ಏಪ್ರಿಲ್ 1ರಂದು. ಅದೇ ವರ್ಷದ ನವೆಂಬರಿನಲ್ಲಿ ವಾಹನದ ದಾಖಲೆಗಳನ್ನು ಫೋನಿನಲ್ಲಿ ತೋರಿಸಿದರೂ ನಡೆಯುತ್ತದೆಂದು ನಿಯಮ ತಿದ್ದಲಾಯಿತು. 2021ರ ಫೆಬ್ರುವರಿ ನಡುವಿನಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಎಲ್ಲ ಸಾಲುಗಳೂ ಫಾಸ್ಟ್ಯಾಗ್ ಸಾಲುಗಳಾದವು. ಮೂರು ವರ್ಷದೊಳಗೆ ಪೆಟ್ಟಿಗೆಯ ಕಾಗದವೆಲ್ಲ ಫೋನಿಗೆ ಹತ್ತಿತು. ರಸ್ತೆಯಲ್ಲಿ ಆ ಫೋನಿಗೆ ನೆಟ್ ಸಿಗುವಂತೆ ನೋಡಿಕೊಳ್ಳುವ ಹೊಣೆ ಯಾರದು ಎಂಬುದನ್ನು ಮಾತ್ರ ಯಾವ ನಿಯಮವೂ ಅಷ್ಟೇ ಖಡಾಖಂಡಿತವಾಗಿ ಹೇಳಲಿಲ್ಲ.

ಈ ಪರಿಸ್ಥಿತಿಗೆ ಸಾಮಾನ್ಯವಾಗಿ ಕೇಳಿಬರುವ ಬೇಡಿಕೆ ಹೆದ್ದಾರಿಯ ಉದ್ದಕ್ಕೂ ಪೂರ್ತಿ ವೇಗದ ನೆಟ್ ಬೇಕು ಎಂಬುದು. ನನಗೆ ಅದು ದಾರಿ ತಪ್ಪಿದ ಬೇಡಿಕೆ ಎನ್ನಿಸುತ್ತದೆ. ಓಡುವ ಲಾರಿಯಲ್ಲಿ ಡ್ರೈವರನಿಗೆ ನೆಟ್ಟಿನಿಂದ ಆಗಬೇಕಾದ ಕೆಲಸ ಬಲು ಕಡಿಮೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ಅದು ನೆಟ್ ಇಲ್ಲದೆಯೂ ದಾರಿ ತೋರಿಸುತ್ತದೆ. ಫಾಸ್ಟ್ಯಾಗ್ ಚೀಟಿಯನ್ನು ಓದುವುದು ಟೋಲಿನ ಯಂತ್ರ, ಡ್ರೈವರನ ಫೋನಲ್ಲ. ನೆಟ್ ಇಲ್ಲದೆ ಕೈಕಟ್ಟುವುದು ಗಾಡಿ ನಿಂತಾಗ: ಲೋಡ್ ಆಗುವ ಕ್ವಾರಿಯಲ್ಲಿ, ತೂಕದ ಕಾಟಾದಲ್ಲಿ, ಟೋಲಿನಲ್ಲಿ, ತಪಾಸಣೆಯಲ್ಲಿ, ಗಾಡಿ ಕೆಟ್ಟು ನಿಂತ ರಸ್ತೆ ಬದಿಯಲ್ಲಿ, ರಾತ್ರಿ ಮಲಗುವ ಢಾಬಾದಲ್ಲಿ. ಅಲ್ಲಿ ಬೇಕಾಗಿರುವುದು ವೇಗವೂ ಅಲ್ಲ. ಒಂದು ಒಟಿಪಿ ಬರುವಷ್ಟು, ಒಂದು ಫೋಟೊ ಹೋಗುವಷ್ಟು ನೆಟ್ ಸಾಕು, ಆದರೆ ಅದು ತಪ್ಪದೆ ಸಿಗಬೇಕು. ಬೇಡಿಕೆಯನ್ನು ಹೀಗೆ ಬಿಗಿ ಮಾಡಿಕೊಂಡರೆ ಅದರ ಖರ್ಚೂ ಇಳಿಯುತ್ತದೆ, ಹೊಣೆ ಯಾರದೆಂಬುದೂ ಸ್ಪಷ್ಟವಾಗುತ್ತದೆ.

ನಮ್ಮಲ್ಲಿ ನೆಟ್‌ವರ್ಕ್ ಬೆಳೆದದ್ದು ಊರಿನ ಲೆಕ್ಕದಲ್ಲಿ. ತರಂಗಾಂತರ ಹರಾಜಿನ ಜೊತೆ ಕಂಪನಿಗಳಿಗೆ ಹಾಕಿದ ಷರತ್ತುಗಳು ಜಿಲ್ಲಾ ಕೇಂದ್ರ, ಬ್ಲಾಕ್ ಕೇಂದ್ರಗಳನ್ನು ಎಣಿಸಿದವು. ಸರ್ಕಾರದ ಯೋಜನೆಗಳು ಹಳ್ಳಿಗಳನ್ನು ಎಣಿಸಿದವು; 2022ರ ಜುಲೈಯಲ್ಲಿ 26,316 ಕೋಟಿ ರೂಪಾಯಿಗೆ ಒಪ್ಪಿಗೆ ಪಡೆದ 4ಜಿ ಯೋಜನೆಯ ಗುರಿಯೂ 24,680 ಹಳ್ಳಿಗಳು. ಎರಡೂ ಸರಿಯೇ, ಜನ ಇರುವುದು ಅಲ್ಲೇ. ಆದರೆ ಲಾರಿಯವನು ದಿನದ ಬಹುಪಾಲು ಇರುವುದು ಊರುಗಳ ನಡುವೆ. ಟವರ್ ಊರ ಬದಿಗಿರುತ್ತದೆ, ಅದರ ಆಂಟೆನಾ ಊರ ಕಡೆಗೆ ಮುಖ ಮಾಡಿರುತ್ತದೆ, ರಸ್ತೆಗೆ ದಕ್ಕುವುದು ಮಿಕ್ಕದ್ದು. ಆ ಮಿಕ್ಕದ್ದು ಎಷ್ಟು ಎಂಬುದನ್ನು ನೆಲ ತೀರ್ಮಾನಿಸುತ್ತದೆ. ಹುನಗುಂದದ ಎರೆಹೊಲಗಳ ಬಯಲಿನಲ್ಲಿ ಅಡ್ಡ ಬರುವುದು ಏನೂ ಇಲ್ಲದ್ದರಿಂದ ಅಲೆ ದೂರ ಹರಿಯುತ್ತದೆ, ಅದರಲ್ಲೂ 850, 900 ಮೆಗಾಹರ್ಟ್ಸ್‌ನಂಥ ಕೆಳಗಿನ ತರಂಗಾಂತರಗಳು. ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ನಡುವೆ ಹಾಗಲ್ಲ. ಟವರಿಗೂ ಫೋನಿಗೂ ನಡುವೆ ಬಂಡೆಯ ಗೋಡೆ ನಿಂತರೆ ಹತ್ತಿರದ ಟವರೂ ದೂರವಾಗುತ್ತದೆ, 2300 ಮೆಗಾಹರ್ಟ್ಸ್‌ನಂಥ ಮೇಲಿನ ತರಂಗಾಂತರವಂತೂ ಬಂಡೆಯ ಹಿಂದಕ್ಕೆ ತಿರುಗಿ ಬರುವುದು ಕಷ್ಟ. ಇಳಕಲ್ಲಿನದು ಇನ್ನೊಂದು ಬಗೆ. ಕ್ವಾರಿ ಎಂದರೆ ನೆಲದೊಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಕಲ್ಲಿನ ಗುಂಡಿ. ಮೇಲೆ ದಂಡೆಯಲ್ಲಿ ನಾಲ್ಕು ಗೆರೆ ತೋರಿಸುವ ಫೋನು ತಳದಲ್ಲಿ ಕ್ರೇನ್ ಬ್ಲಾಕ್ ಎತ್ತುವ ಜಾಗಕ್ಕೆ ಇಳಿದಾಗ ಒಂದು ಗೆರೆಗೂ ತಿಣುಕಬಹುದು. ಇದಕ್ಕೆ ಕ್ಯಾಬಿನ್ನಿನ ತಗಡೂ ತನ್ನ ಪಾಲು ಸೇರಿಸುತ್ತದೆ. ಕರೆಂಟು ಹೋದರೆ ಟವರಿನ ಬ್ಯಾಟರಿ ಕೆಲವು ತಾಸು ಎಳೆಯುತ್ತದೆ. ಮುಂಗಾರಿಗೆ ಮೊದಲಿನ ಬಿರುಗಾಳಿಯಲ್ಲಿ ಕಂಬಗಳು ಉರುಳಿದಾಗ ಕೆಲವು ತಾಸು ಸಾಲುವುದಿಲ್ಲ.

ನೆಟ್ ಸಿಗದಿದ್ದರೆ ಏನು ನಷ್ಟ ಎಂಬುದಕ್ಕೆ ಇ-ವೇ ಬಿಲ್ ಒಳ್ಳೆಯ ಉದಾಹರಣೆ. ಐವತ್ತು ಸಾವಿರ ರೂಪಾಯಿಗೆ ಮೀರಿದ ಸರಕಿಗೆ ಅದು ಬೇಕು. ಅದರಲ್ಲಿ ಎರಡು ಭಾಗ: ಮೊದಲನೆಯದರಲ್ಲಿ ಸರಕಿನ ವಿವರ, ಎರಡನೆಯದರಲ್ಲಿ ಲಾರಿಯ ನಂಬರು. ನಂಬರು ಸೇರಿದ ಮೇಲೆ ಅವಧಿಯ ಎಣಿಕೆ ಶುರು. 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನ. ಅದಕ್ಕೆ ಮೊದಲು 100 ಕಿಲೋಮೀಟರಿಗೆ ಒಂದು ದಿನ ಇತ್ತು. 500 ಕಿಲೋಮೀಟರ್ ದೂರದ ಬಂದರಿಗೆ ಹೊರಟ ಕಲ್ಲಿನ ಗಾಡಿಗೆ ಮೂರು ದಿನ ಸಿಗುತ್ತದೆ. ಎಲ್ಲ ನೆಟ್ಟಗಿದ್ದರೆ ಧಾರಾಳ. ಆದರೆ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಕಟ್ಟಿತು, ಅಥವಾ ಆಕ್ಸಲ್ ಮುರಿಯಿತು ಎನ್ನಿ. ಅವಧಿ ಮುಗಿಯುವ ಮೊದಲಿನ ಎಂಟು ತಾಸಿನಲ್ಲಿ ಅಥವಾ ಮುಗಿದ ಎಂಟು ತಾಸಿನೊಳಗೆ ಪೋರ್ಟಲ್‌ಗೆ ಹೋಗಿ ವಿಸ್ತರಿಸಿಕೊಳ್ಳಬೇಕು. ಸರಕನ್ನು ಬೇರೆ ಲಾರಿಗೆ ಹೇರಿದರೆ ಹೊಸ ಲಾರಿಯ ನಂಬರನ್ನು ಎರಡನೆಯ ಭಾಗದಲ್ಲಿ ಸೇರಿಸಿಯೇ ಹೊರಡಬೇಕು. ಕಂಪ್ಯೂಟರ್ ಮುಂದೆ ಕೂತು ಇದನ್ನು ಮಾಡುವವನು ಟ್ರಾನ್ಸ್‌ಪೋರ್ಟ್ ಆಫೀಸಿನವನೇ ಇರಬಹುದು, ಆದರೆ ಗಾಡಿ ಕೆಟ್ಟಿದೆ ಎಂಬ ಸುದ್ದಿ, ಹೊಸ ಲಾರಿಯ ನಂಬರು, ಈಗ ಇರುವ ಜಾಗ ಇವನ್ನು ಅವನಿಗೆ ಮುಟ್ಟಿಸಬೇಕಾದವನು ಡ್ರೈವರ್. ಅವನಿಗೆ ರೇಂಜ್ ಇಲ್ಲದಿದ್ದರೆ ಗಡಿಯಾರ ಕಾಯುವುದಿಲ್ಲ. ಕೇವಲ 4ಜಿಯ ಮೇಲೆ ನಿಂತ ಸಿಮ್ ಆದರೆ ಸಾದಾ ಕರೆಯೂ ಡೇಟಾದ ಮೇಲೆಯೇ ಹೋಗಬೇಕಾದ್ದರಿಂದ, ಡೇಟಾ ಸತ್ತಲ್ಲಿ ಮಾತೂ ಸತ್ತಿತು. ಅವಧಿ ಮುಗಿದ ಬಿಲ್ಲಿನೊಂದಿಗೆ ಸಿಕ್ಕಿಬಿದ್ದರೆ ದಂಡ ತೆರಿಗೆಯ ಶೇ. 200ರವರೆಗೆ ಹೋಗುತ್ತದೆ, ಗಾಡಿ ತಡೆದು ನಿಲ್ಲಿಸಿದ ದಿನಗಳ ಬಾಡಿಗೆ ನಷ್ಟ ಬೇರೆ.

ಸುಪ್ರೀಂ ಕೋರ್ಟಿನ ಮುಂದೆಯೂ ಇಂಥದೊಂದು ಪ್ರಕರಣ ಬಂದಿತ್ತು. ಹೈದರಾಬಾದಿನಲ್ಲಿ 2020ರ ಜನವರಿಯಲ್ಲಿ ಪ್ರತಿಭಟನೆಯಿಂದ ರಸ್ತೆ ಕಟ್ಟಿ, ಕಾಗದ ಸಾಗಿಸುತ್ತಿದ್ದ ಗಾಡಿಯ ಇ-ವೇ ಬಿಲ್ ಅವಧಿ ಮುಗಿದುಹೋಯಿತು. ಅಧಿಕಾರಿ ತೆರಿಗೆ, ದಂಡ ಎರಡನ್ನೂ ಕಟ್ಟಿಸಿಕೊಂಡರು. ಸತ್ಯಂ ಶಿವಂ ಪೇಪರ್ಸ್ ಎಂಬ ಆ ಕಂಪನಿ ತೆಲಂಗಾಣ ಹೈಕೋರ್ಟಿಗೆ ಹೋಗಿ ಗೆದ್ದಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದು, ಅವಧಿ ಮುಗಿದ ಮಾತ್ರಕ್ಕೆ ತೆರಿಗೆ ವಂಚನೆ ಎನ್ನಲಾಗದು ಎಂಬ ನಿಲುವನ್ನು ಒಪ್ಪಿ, ಸರ್ಕಾರ ತೆರಬೇಕಾದ ಖರ್ಚನ್ನು ಹೆಚ್ಚಿಸಿತು. ನ್ಯಾಯ ಸಿಕ್ಕಿತು ನಿಜ, ಆದರೆ ಎರಡು ವರ್ಷಕ್ಕೆ, ವಕೀಲರನ್ನಿಟ್ಟು ದಿಲ್ಲಿಯವರೆಗೆ ನಿಲ್ಲಬಲ್ಲ ಕಂಪನಿಗೆ. ಒಂದೆರಡು ಲಾರಿ ಸಾಲದ ಮೇಲೆ ಓಡಿಸುವ ಮಾಲೀಕನಿಗೆ ಅಷ್ಟು ದಮ್ಮು ಎಲ್ಲಿಂದ ಬರಬೇಕು?

ಟೋಲಿನಲ್ಲಂತೂ ರೇಂಜ್ ಇಲ್ಲದ್ದಕ್ಕೆ ದರವೇ ನಿಗದಿಯಾಗಿದೆ ಎನ್ನಬಹುದು. ಫಾಸ್ಟ್ಯಾಗ್ ಕೆಲಸ ಮಾಡದ ಗಾಡಿಗೆ ನಗದಿನಲ್ಲಿ ಕಟ್ಟಿದರೆ ಇಮ್ಮಡಿ. 2025ರ ನವೆಂಬರ್ 15ರಿಂದ ಯುಪಿಐನಲ್ಲಿ ಕಟ್ಟಿದರೆ ಒಂದೂಕಾಲು ಪಟ್ಟು. ಟೋಲ್ 400 ರೂಪಾಯಿ ಎಂದಿಟ್ಟುಕೊಳ್ಳಿ. ನೆಟ್ ಇದ್ದವನು 500 ಕೊಟ್ಟು ದಾಟುತ್ತಾನೆ, ಅದೇ ಸಾಲಿನಲ್ಲಿ ಹಿಂದೆ ನಿಂತು ಫೋನನ್ನು ಕಿಟಕಿಯಾಚೆ ಹಿಡಿದವನು 800 ಎಣಿಸಬೇಕು. ನಗದು ತಗ್ಗಿಸುವ ಉದ್ದೇಶ ಒಳ್ಳೆಯದೇ. ಆದರೆ ಹಾಗೆ ಮಾಡುವ ಜಾಗದಲ್ಲಿ ಎಲ್ಲ ಕಂಪನಿಗಳ ಸಿಗ್ನಲ್ಲೂ ಗಟ್ಟಿಯಾಗಿರಬೇಕೆಂಬುದು ಅದರ ಜೊತೆಗೇ ಬರಬೇಕಾಗಿದ್ದ ಷರತ್ತಲ್ಲವೇ?

ಇದಕ್ಕೆ ಬರುವ ಮೊದಲ ಆಕ್ಷೇಪ, ನಿಯಮದಲ್ಲಿ ಪರಿಹಾರ ಆಗಲೇ ಇದೆ ಎಂಬುದು. ಅರ್ಧ ನಿಜ. ಡ್ರೈವರ್ ಇ-ವೇ ಬಿಲ್ಲಿನ ಪ್ರತಿಯನ್ನು ಕಾಗದದಲ್ಲಿ ಇಟ್ಟುಕೊಂಡರೆ ಸಾಕು, ಫೋನಿನಲ್ಲಿ ತೋರಿಸಲೇಬೇಕೆಂದಿಲ್ಲ. ಬಿಲ್ಲನ್ನು ಎಸ್ಸೆಮ್ಮೆಸ್ ಮೂಲಕ ಮಾಡುವ ಸೌಲಭ್ಯವನ್ನೂ ನಿಯಮ ಒಪ್ಪಿದೆ. ಹಾಗಾಗಿ ಬಿಲ್ಲು, ಇನ್‌ವಾಯ್ಸ್, ಪರವಾನಗಿಗಳ ಪ್ರಿಂಟ್ ತೆಗೆಸಿ ಆ ಹಳೆಯ ತಗಡಿನ ಪೆಟ್ಟಿಗೆಯಲ್ಲೇ ಇಡುವುದು ಇವತ್ತಿಗೂ ಬುದ್ಧಿವಂತಿಕೆ. ಡಿಜಿಲಾಕರ್‌ನಲ್ಲಿ ಇದೆ ಎಂದು ನಂಬಿ, ಮೊದಲೇ ಇಳಿಸಿಕೊಳ್ಳದೆ, ರೇಂಜ್ ಇಲ್ಲದಲ್ಲಿ ತಿರುಗುವ ಚಕ್ರವನ್ನು ಪೊಲೀಸರಿಗೆ ತೋರಿಸಿ ಪ್ರಯೋಜನವಿಲ್ಲ. ಆದರೆ ಕಾಗದ ಸಾಕಾಗುವುದು ಎಲ್ಲ ಸರಿಯಿರುವಾಗ. ಅದೇ ನಿಯಮಾವಳಿಯ ಪ್ರಕಾರ ಗಾಡಿಯನ್ನು ಅರ್ಧ ತಾಸಿಗಿಂತ ಹೆಚ್ಚು ತಡೆದರೆ ಸಾಗಣೆದಾರ ದೂರು ದಾಖಲಿಸಬಹುದು. ಎಲ್ಲಿ? ಅದೇ ಪೋರ್ಟಲ್‌ನಲ್ಲಿ.

ಎರಡನೆಯ ಆಕ್ಷೇಪ, ಎರಡು ಸಿಮ್ ಹಾಕಿಕೊಂಡರೆ ಆಯಿತಲ್ಲ ಎಂಬುದು. ಬಹಳ ಡ್ರೈವರುಗಳು ಮಾಡಿಕೊಂಡಿರುವುದೂ ಅದನ್ನೇ. ಸಲಹೆ ಒಳ್ಳೆಯದು, ಎರಡೂ ಸಿಮ್ ಬೇರೆ ಬೇರೆ ಕಂಪನಿಯದಿರಲಿ, ಒಂದಾದರೂ 2ಜಿ ಕರೆ ಹಿಡಿಯುವಂತಿರಲಿ ಎಂದು ಸೇರಿಸಬಹುದು. ಆದರೆ ಇದು ಸಾರ್ವಜನಿಕ ವ್ಯವಸ್ಥೆಯ ತೂತನ್ನು ಕೂಲಿಯವನ ಜೇಬಿನಿಂದ ಮುಚ್ಚುವ ಉಪಾಯ. ರೀಚಾರ್ಜ್ ದರಗಳು 2024ರ ಜುಲೈಯಲ್ಲಿ ಏರಿದ ಮೇಲೆ ಎರಡು ಸಿಮ್ ಜೀವಂತ ಇಡುವುದು ಅಗ್ಗದ ಮಾತಲ್ಲ. ಮತ್ತೆ, ಬಂಡೆಯ ಹಿಂದೆ ಒಂದೇ ಕಂಬಕ್ಕೆ ಎರಡು ಕಂಪನಿಗಳ ಆಂಟೆನಾ ಕಟ್ಟಿದ್ದರೆ ಎರಡು ಸಿಮ್ಮೂ ಒಟ್ಟಿಗೇ ಕೈಕೊಡುತ್ತವೆ.

ಮೂರನೆಯದನ್ನು ನಯವಾಗಿ ಹೇಳುವವರು ಕಡಿಮೆ: ನೆಟ್ ಕೊಟ್ಟರೆ ಡ್ರೈವರುಗಳು ಓಡಿಸುತ್ತಲೇ ರೀಲ್ಸ್ ನೋಡಿ ಅಪಘಾತ ಮಾಡುತ್ತಾರೆ. ಅಪಾಯ ಸುಳ್ಳಲ್ಲ. ಓಡಿಸುವಾಗ ಫೋನು ಕೈಯಲ್ಲಿ ಹಿಡಿಯುವುದು 2019ರ ತಿದ್ದುಪಡಿಯಾದಂದಿನಿಂದ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನ ಕೆಳಗೆ ಅಪಾಯಕಾರಿ ಚಾಲನೆ. ಆದರೆ ಈ ವಾದ ನನ್ನ ಮಾತಿನ ಪರವಾಗಿಯೇ ನಿಲ್ಲುತ್ತದೆ. ಮುಂದೆ ನೂರು ಕಿಲೋಮೀಟರ್ ಎಲ್ಲಿ ಸಿಗ್ನಲ್ ಬರುತ್ತದೋ ಗೊತ್ತಿಲ್ಲದವನು ಬಂದ ಕ್ಷಣದಲ್ಲೇ, ಸ್ಟೀರಿಂಗ್ ಮೇಲೆ ಒಂದು ಕೈ ಇಟ್ಟುಕೊಂಡೇ ಮೆಸೇಜು ಕಳಿಸುತ್ತಾನೆ. ಮುಂದಿನ ಲೇ-ಬೈನಲ್ಲಿ, ಅಂದರೆ ರಸ್ತೆ ಬದಿಯ ನಿಲುಗಡೆ ಜಾಗದಲ್ಲಿ, ಖಂಡಿತ ಸಿಗುತ್ತದೆಂದು ಗೊತ್ತಿದ್ದವನು ಅಲ್ಲಿ ನಿಲ್ಲಿಸುತ್ತಾನೆ. ಅಲ್ಲಿ ನಿಂತು ಹೆಂಡತಿ ಮಕ್ಕಳ ಮುಖ ನೋಡಿದರೆ, ಒಂದು ಸಿನಿಮಾ ನೋಡಿದರೆ ಅದನ್ನು ಚಟ ಎನ್ನಬೇಕಾಗಿಲ್ಲ. ತಿಂಗಳಲ್ಲಿ ಬಹುಪಾಲು ದಿನ ಕ್ಯಾಬಿನ್ನಿನಲ್ಲೇ ಮಲಗುವವನ ಮನೆ ಅದೇ ತಾನೆ.

ಇನ್ನು, ಹೊಸ ತಂತ್ರಜ್ಞಾನ ಎಲ್ಲವನ್ನೂ ಪರಿಹರಿಸುತ್ತದೆ ಎಂದು ಕಾಯುವವರಿದ್ದಾರೆ. 5ಜಿ 2022ರ ಅಕ್ಟೋಬರಿನಲ್ಲಿ ಬಂತು, ಆದರೆ ಅದರ ವೇಗದ ಭಾಗ ಮೇಲಿನ ತರಂಗಾಂತರದಲ್ಲಿದ್ದು ಹರವು ಕಡಿಮೆ, ಪೇಟೆಗೆ ಹೇಳಿಮಾಡಿಸಿದ್ದು. ಉಪಗ್ರಹದಿಂದ ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ 2025ರ ಜೂನಿನಲ್ಲಿ ಲೈಸೆನ್ಸ್ ಸಿಕ್ಕಿದೆ. ಕ್ವಾರಿಗೋ ಢಾಬಾಕ್ಕೋ ಅದು ಒಂದು ದಿನ ಒಗ್ಗೀತು. ಲಾರಿಗೊಂದು ಡಿಷ್ ಕೂರಿಸುವ ಲೆಕ್ಕ ಸಣ್ಣ ಮಾಲೀಕನಿಗೆ ಕೂಡುವುದಿಲ್ಲ. ಹೆದ್ದಾರಿ ಪ್ರಾಧಿಕಾರ ರಸ್ತೆ ಬದಿಗೆ ಫೈಬರ್ ಎಳೆಯುವ ಡಿಜಿಟಲ್ ಹೆದ್ದಾರಿಯ ಮಾತನ್ನು 2023ರಲ್ಲಿ ಆಡಿತು, ಮೊದಲಿಗೆ ಆರಿಸಿಕೊಂಡದ್ದು ದಿಲ್ಲಿ–ಮುಂಬೈ ಮತ್ತು ಹೈದರಾಬಾದ್–ಬೆಂಗಳೂರು ದಾರಿಗಳನ್ನು. ಹಿಂದೆ 13 ಎನ್ನಿಸಿಕೊಂಡಿದ್ದ, ಹುನಗುಂದ, ಇಳಕಲ್ ಹಾದು ಚಿತ್ರದುರ್ಗಕ್ಕೆ ಹೋಗುವ 50ನೇ ಹೆದ್ದಾರಿಯಾಗಲಿ, ಕೆರೂರು, ಕುಳಗೇರಿ ಕ್ರಾಸ್ ಮೂಲಕ ಹುಬ್ಬಳ್ಳಿಗೆ ಇಳಿಯುವ 52 ಆಗಲಿ ಆ ಮೊದಲ ಸಾಲಿನಲ್ಲಿ ಇರಲಿಲ್ಲ.

ಹಾಗಾದರೆ ಈಗಲೇ ಆಗಬಹುದಾದದ್ದು ಯಾವುದು? ಒಂದು, ಟವರ್ ಹಂಚಿಕೆ. ಸರ್ಕಾರದ ನಿಧಿಯಿಂದ ಕಟ್ಟಿದ 27 ಸಾವಿರಕ್ಕೂ ಹೆಚ್ಚು 4ಜಿ ಟವರುಗಳಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೊ ಗ್ರಾಹಕರು ಯಾರ ಟವರಾದರೂ ಬಳಸಬಹುದಾದ ವ್ಯವಸ್ಥೆ 2025ರ ಜನವರಿಯಲ್ಲಿ ಶುರುವಾಗಿದೆ. ಚಂಡಮಾರುತ ಬಂದಾಗ ಕರಾವಳಿ ರಾಜ್ಯಗಳಲ್ಲಿ ಎಲ್ಲ ಕಂಪನಿಗಳ ಟವರನ್ನೂ ಹೀಗೆ ತೆರೆದದ್ದುಂಟು. ತಾಂತ್ರಿಕವಾಗಿ ಆಗುವ ಕೆಲಸ ಎಂದಾಯಿತು. ತಾನು ದುಡ್ಡು ಹಾಕಿ ಕಟ್ಟಿದ ಟವರನ್ನು ಎದುರಾಳಿಗೆ ಏಕೆ ಬಿಟ್ಟುಕೊಡಲಿ ಎಂಬ ಕಂಪನಿಗಳ ತಕರಾರಿಗೆ ಅರ್ಥವಿದೆ, ಅದಕ್ಕೇ ಎಲ್ಲೆಡೆಗೂ ಬೇಡ. ಟೋಲ್, ಲೇ-ಬೈ, ಘಾಟಿ ಇಷ್ಟರಲ್ಲಿ, ಬಾಡಿಗೆ ಕೊಟ್ಟು ಮಾಡಬಹುದು. ಜಾಗ ಗುರುತಿಸುವುದಕ್ಕೂ ಆಧಾರವಿದೆ: ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ನಿಯಮಗಳಂತೆ ಕಂಪನಿಗಳು ತಮ್ಮ ಸಿಗ್ನಲ್ ನಕ್ಷೆಯನ್ನು ಜಾಲತಾಣದಲ್ಲಿ ಹಾಕಬೇಕು. ಅದರ ಮೇಲೆ ಹೆದ್ದಾರಿಯ ಗೆರೆ ಇಟ್ಟು ನೋಡಿದರೆ ಬಣ್ಣವಿಲ್ಲದ ತುಂಡುಗಳು ಎದ್ದು ಕಾಣುತ್ತವೆ.

ಇನ್ನೊಂದು ಪಿಎಂ-ವಾಣಿ, 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಸಾರ್ವಜನಿಕ ವೈಫೈ ಯೋಜನೆ. ಚಹಾದಂಗಡಿಯವನು, ಪಂಕ್ಚರ್ ಅಂಗಡಿಯವನು ಲೈಸೆನ್ಸಿನ ರಗಳೆಯಿಲ್ಲದೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡು ಚಿಲ್ಲರೆ ಲೆಕ್ಕದಲ್ಲಿ ನೆಟ್ ಮಾರಬಹುದು. ಅದು ಅಂದುಕೊಂಡಷ್ಟು ಹಬ್ಬಲಿಲ್ಲ. ಕಂಪನಿಗಳು ಇಂಥ ಅಂಗಡಿಗೆ ದುಬಾರಿ ಸಂಪರ್ಕ ಮಾರಿದ್ದು ಒಂದು ಕಾರಣ. 2025ರ ಜೂನಿನಲ್ಲಿ ಟ್ರಾಯ್ ಅದಕ್ಕೆ ಕಡಿವಾಣ ಹಾಕಿ, ಮನೆ ಗ್ರಾಹಕರ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳಬಾರದೆಂದಿತು. ಹುನಗುಂದದಿಂದ ಇಳಕಲ್‌ವರೆಗಿನ ಢಾಬಾಗಳಿಗೆ ಈಗ ಈ ಲೆಕ್ಕ ಕೂಡಬಹುದು, ಏಕೆಂದರೆ ನೆಟ್ ಸಿಗುವ ಢಾಬಾಕ್ಕೆ ಲಾರಿ ತಾನಾಗಿ ತಿರುಗುತ್ತದೆ.

ಉಳಿದದ್ದು ಕ್ವಾರಿ. ಅದು ಹೆದ್ದಾರಿಯಲ್ಲಿಲ್ಲ, ಊರಿನಲ್ಲೂ ಇಲ್ಲ, ಯಾರ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಅದಕ್ಕೊಬ್ಬ ಗುತ್ತಿಗೆದಾರನಿದ್ದಾನೆ, ಗುತ್ತಿಗೆಗೆ ಷರತ್ತುಗಳಿವೆ, ಪ್ರತಿ ಲೋಡಿಗೂ ರಾಜಧನ ಸರ್ಕಾರಕ್ಕೆ ಹೋಗುತ್ತದೆ. ಪರವಾನಗಿಯನ್ನು ಆನ್‌ಲೈನಿನಲ್ಲೇ ಪಡೆಯಿರಿ ಎನ್ನುವ ಇಲಾಖೆ, ಲೋಡಿಂಗ್ ಜಾಗದಲ್ಲಿ ದಂಡೆಯ ಮೇಲೊಂದು ಆಂಟೆನಾ ನೆಟ್ಟು ಕಾಟಾದವರೆಗೆ ವೈಫೈ ಕೊಡಿ ಎಂದು ಆ ಷರತ್ತುಗಳ ಸಾಲಿಗೆ ಇನ್ನೊಂದನ್ನು ಸೇರಿಸಬಹುದು. ಗುತ್ತಿಗೆದಾರನಿಗೆ ಅದು ಒಂದು ಬ್ಲಾಕಿನ ಬೆಲೆಯ ಮುಂದೆ ಲೆಕ್ಕಕ್ಕೆ ಬಾರದ ಖರ್ಚು.