ರುಬೆಲ್ಲಾ: ತಾಯಿಯ ಸೋಂಕು, ಮಗುವಿನ ಕಣ್ಣು

1941ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್ ಒಂದು ವಿಷಯವನ್ನು ಗಮನಿಸಿದರು. ಕಣ್ಣಿನಲ್ಲಿ ಪೊರೆಯಿದ್ದೇ ಹುಟ್ಟಿದ ಶಿಶುಗಳು ಅವರ ಬಳಿಗೆ ಒಂದರ ಹಿಂದೊಂದು ಬರತೊಡಗಿದ್ದವು. ವಿಚಾರಿಸಿದಾಗ, ತಾಯಂದಿರಲ್ಲಿ ಹೆಚ್ಚಿನವರಿಗೆ ಗರ್ಭದ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ (ಜರ್ಮನ್ ದಡಾರ) ಬಂದಿತ್ತೆಂದು ತಿಳಿಯಿತು. ತಾಯಿಯ ಸೋಂಕು ಮಗುವಿನ ಅಂಗರಚನೆಯನ್ನೇ ಕೆಡಿಸಬಲ್ಲದೆಂಬುದು ಹೀಗೆ ಬೆಳಕಿಗೆ ಬಂತು.

ಮಕ್ಕಳಿಗೆ ರುಬೆಲ್ಲಾ ಅಂಥ ದೊಡ್ಡ ರೋಗವೇನಲ್ಲ. ಸಣ್ಣ ಜ್ವರ, ಮೂರು ದಿನದ ಗಂದೆ, ಅಷ್ಟೆ. ಅನೇಕರಲ್ಲಿ ಲಕ್ಷಣಗಳೇ ಕಾಣಿಸುವುದಿಲ್ಲ. ಆದರೆ ಗರ್ಭಿಣಿಯಲ್ಲಿ ಈ ವೈರಸ್ ಜರಾಯುವನ್ನು ದಾಟಿ ಭ್ರೂಣವನ್ನು ಸೇರುತ್ತದೆ. ಮೊದಲ 12 ವಾರಗಳಲ್ಲಿ ಕಣ್ಣು, ಕಿವಿ, ಹೃದಯಗಳು ರೂಪುಗೊಳ್ಳುತ್ತಿರುತ್ತವೆ. ಆಗ ಸೋಂಕು ತಗಲಿದರೆ ಭ್ರೂಣಕ್ಕೆ ಹಾನಿಯಾಗುವ ಸಂಭವ ಶೇ. 90ರವರೆಗೂ ಇರುತ್ತದೆ. ಇದನ್ನು ಗುಣಪಡಿಸುವ ಔಷಧಿಯಿಲ್ಲ, ಲಸಿಕೆಯೊಂದೇ ದಾರಿ.

ಇಲ್ಲೊಂದು ಸರಳ ಗಣಿತವಿದೆ. ಯಾರಿಗೂ ರೋಗನಿರೋಧ ಶಕ್ತಿ ಇಲ್ಲದಿದ್ದರೆ, ಒಬ್ಬ ರೋಗಿಯಿಂದ ಸುಮಾರು 6 ಮಂದಿಗೆ ರುಬೆಲ್ಲಾ ಹರಡುತ್ತದೆ ಎಂದುಕೊಳ್ಳೋಣ. ಆ 6 ಮಂದಿಯಲ್ಲಿ 5 ಮಂದಿ ರಕ್ಷಿತರಾಗಿದ್ದರೆ ರೋಗ ಒಬ್ಬರಿಗೆ ಮಾತ್ರ ದಾಟೀತು. ರಕ್ಷಿತರ ಪ್ರಮಾಣ ಇದಕ್ಕಿಂತ, ಅಂದರೆ ಶೇ. 83ಕ್ಕಿಂತ ಹೆಚ್ಚಾದರೆ, ನ್ಯೂಟ್ರಾನುಗಳನ್ನು ಹೀರಿಕೊಂಡಾಗ ಪರಮಾಣು ರಿಯಾಕ್ಟರಿನ ಸರಪಳಿ ಕ್ರಿಯೆ ನಂದುವಂತೆ ರೋಗವೂ ನಂದುತ್ತದೆ.

ಅರ್ಧದಷ್ಟು ಮಕ್ಕಳಿಗೆ ಮಾತ್ರ ಲಸಿಕೆ ಹಾಕಿದರೆ? ರೋಗ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಬಾಲ್ಯದಲ್ಲಿ ಅದರಿಂದ ತಪ್ಪಿಸಿಕೊಂಡ ಹುಡುಗಿಗೆ ಮುಂದೆ ಬಸುರಿನಲ್ಲಿ ಅದು ತಗಲಬಹುದು. ಗ್ರೀಸಿನಲ್ಲಿ ಲಸಿಕೆ ಬಹಳ ವರ್ಷ ಅರೆಬರೆಯಾಗಿ ನಡೆದು, 1993ರಲ್ಲಿ ಇದೇ ಸಂಭವಿಸಿತು.

ಆದ್ದರಿಂದಲೇ ಫೆಬ್ರುವರಿ 2017ರಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ಆರಂಭವಾದಾಗ 9 ತಿಂಗಳಿನಿಂದ 15 ವರ್ಷದೊಳಗಿನ ಎಲ್ಲ ಮಕ್ಕಳನ್ನೂ ಒಟ್ಟಿಗೇ ಸೇರಿಸಲಾಯಿತು. ನೆರೆಯ ಆಂಧ್ರದ ಸರದಿ ಬಂದದ್ದು ಅದೇ ಆಗಸ್ಟ್‌ನಲ್ಲಿ. ಎರಡೂ ಕಡೆ ಬಂಧುಬಳಗವಿರುವ ಮುಳಬಾಗಿಲು, ಶ್ರೀನಿವಾಸಪುರದವರಿಗೆ, ದಿನವೂ ಬೆಂಗಳೂರಿಗೆ ರೈಲು ಹತ್ತುವ ಮಾಲೂರಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ: ವೈರಸ್ಸಿಗೆ ಗಡಿಯಿಲ್ಲ.

ಅಂದು ಕೋಲಾರದ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಯಲ್ಲಿದ್ದ ಹುಡುಗಿ ಇಂದು ತಾಯಿಯಾಗುವ ವಯಸ್ಸಿನವಳು. ಲಸಿಕೆಯ ದಿನ ಆಕೆ ಗೈರುಹಾಜರಾಗಿದ್ದರೆ? ಅಂಥವರು ವೈದ್ಯರನ್ನು ಕೇಳಿ, ಗರ್ಭ ಧರಿಸುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಲಸಿಕೆ ಪಡೆಯಬೇಕು. ಇದು ಜೀವಂತ ವೈರಸ್ಸಿನ ಲಸಿಕೆಯಾದ್ದರಿಂದ ಬಸುರಿನಲ್ಲಿ ಕೊಡುವುದಿಲ್ಲ. ಮಕ್ಕಳಿಗೆ 9–12 ತಿಂಗಳಲ್ಲಿ ಒಂದು, 16–24 ತಿಂಗಳಲ್ಲಿ ಇನ್ನೊಂದು ಡೋಸ್ ಉಚಿತವಾಗಿ ದೊರೆಯುತ್ತದೆ.

ಅಧ್ಯಾಪಕರೇ, ತರಗತಿಯಲ್ಲಿ ಈ ಲೆಕ್ಕವನ್ನು ಮಾಡಿಸಿ. ಆರರಲ್ಲಿ ಐದು ಸಾಲದು, ಆರನೆಯ ಮಗುವೂ ಬೇಕು ಎಂಬುದನ್ನು ಮಕ್ಕಳೇ ಮನೆಗೆ ಹೋಗಿ ಹೇಳಲಿ.