ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಲದು

‘ನಿಮ್ಮೂರಾಗ ಸಾಲಿಗೆ ಹೋಗದ ಮಕ್ಕಳು ಅದಾರೇನ್ರಿ?’ ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೀಗೆ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ‘ಯಾರೂ ಇಲ್ರಿ, ಎಲ್ಲಾರ ಹೆಸರೂ ಹಚ್ಚೇವಿ.’ ಈ ಮಾತು ಸುಳ್ಳಲ್ಲ. ಹೆಸರು ಹಚ್ಚಿರುತ್ತಾರೆ. ಆದರೆ ನಡೆಯಲು ಬಾರದ, ಮಾತು ಬಾರದ, ಬುದ್ಧಿ ನಿಧಾನವಾಗಿ ಬೆಳೆಯುವ ಮಗು ಹಗಲೆಲ್ಲ ಮನೆಯ ಪಡಸಾಲೆಯಲ್ಲಿ ಕುಳಿತಿರಬಹುದು. ತಾಯಿ ಕೂಲಿಗೆ ಹೋದರೆ ಅದನ್ನು ನೋಡಿಕೊಳ್ಳಲು ಅಕ್ಕನೂ ಸಾಲಿ ಬಿಡಬೇಕಾಗುತ್ತದೆ. ಆಗ ಒಂದು ಮಗುವಿನ ಅಂಗವಿಕಲತೆಯಿಂದ ಇಬ್ಬರು ಮಕ್ಕಳ ಓದು ನಿಲ್ಲುತ್ತದೆ.

ಈ ನೆಲದ ಇಬ್ಬರು ಮಕ್ಕಳು

‘ಇಂಥಾ ಮಗು ಕಲಿತು ಏನ್ ಮಾಡೂದೈತಿ?’ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯೇ ಉತ್ತರ ಕೊಟ್ಟಿದೆ. 1892ರಲ್ಲಿ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾನಗಲ್ಲದ ಕುಮಾರ ಸ್ವಾಮಿಗಳು ಆ ಬಾಲಕನನ್ನು ಕರೆದುಕೊಂಡು ಹೋಗಿ ಸಂಗೀತ ಕಲಿಯಲು ಆಸರೆಯಾದರು. ಮುಂದೆ ಗವಾಯಿಗಳು ಅಂಧ ಮತ್ತು ಬಡ ಮಕ್ಕಳಿಗೆ ತಾವೇ ಗುರುಗಳಾದರು. ಅವರ ಶಿಷ್ಯರು ಪುಟ್ಟರಾಜ ಗವಾಯಿಗಳು. 1914ರಲ್ಲಿ ಇದೇ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಹುಟ್ಟಿ, ಎಳೆ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡರು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ದಶಕಗಳ ಕಾಲ ನಡೆಸಿದರು. 2010ರಲ್ಲಿ ಪದ್ಮಭೂಷಣ ಗೌರವ ಪಡೆದು ಅದೇ ವರ್ಷ ತೀರಿಕೊಂಡರು.

ಈ ಇಬ್ಬರೂ ದೊಡ್ಡವರಾದದ್ದು ಯಾರೋ ಒಬ್ಬರು ‘ಈ ಮಗು ಕಲಿಯುತ್ತದೆ’ ಎಂದು ನಂಬಿದ್ದರಿಂದ. ಆದರೆ ಅಂದಿನ ಕಾಲದಲ್ಲಿ ಕಲಿಯಲು ಹುಟ್ಟಿದ ಊರು ಬಿಡಬೇಕಿತ್ತು. ಇಂದು ಹಾಗಿಲ್ಲ. ತನ್ನ ಊರಿನ ಶಾಲೆಯಲ್ಲೇ ಓರಗೆಯವರ ಜೊತೆ ಕೂತು ಕಲಿಯುವುದು ಮಗುವಿನ ಹಕ್ಕು.

ಕಾನೂನು ಏನು ಹೇಳುತ್ತದೆ?

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಟ್ಟಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಯಿತು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ, ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕಿದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆಗಳಿದ್ದವು. ಈಗ 21 ಇವೆ. ಆಟಿಸಂ, ಕಲಿಕಾ ನ್ಯೂನತೆ, ಮೆದುಳಿನ ಪಾರ್ಶ್ವವಾಯು ಕೂಡ ಇದರಲ್ಲಿ ಸೇರಿವೆ.

ಈ ಬದಲಾವಣೆಗೆ ಕಾರಣವಿದೆ. ಹಿಂದೆ ಅಂಗವಿಕಲ ಮಗು ಅಂದರೆ ಪೋಲಿಯೋ ಆದ ಮಗು ಎಂದೇ ಜನ ತಿಳಿದಿದ್ದರು. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೋ ಪ್ರಕರಣ ಕಂಡುಬಂದಿಲ್ಲ. ಇಂದು ಗಮನ ಬೇಕಾಗಿರುವ ಅನೇಕ ಮಕ್ಕಳ ತೊಂದರೆ ಹೊರಗೆ ಬೇಗ ಕಾಣುವಂಥದ್ದಲ್ಲ. ‘ಸೊಕ್ಕಿನ ಹುಡುಗ’, ‘ದಡ್ಡ’ ಅಂತ ಬೈಸಿಕೊಳ್ಳುವ ಮಗುವಿಗೆ ಕಿವಿ ಮಂದವಾಗಿರಬಹುದು.

ಸಮನ್ವಯ ಎಂದರೆ ಏನು?

ಒಂದೇ ಕೋಣೆಯಲ್ಲಿ ಕೂಡಿಸಿದ ಮಾತ್ರಕ್ಕೆ ಸಮನ್ವಯ ಆಗುವುದಿಲ್ಲ. ಮಗುವಿಗೆ ತಕ್ಕಂತೆ ಶಾಲೆ ಬದಲಾಗಬೇಕು. ಕಿವಿ ಮಂದವಾದ ಮಗುವನ್ನು ಮುಂದಿನ ಸಾಲಿನಲ್ಲಿ ಕೂಡಿಸಿ, ಮುಖ ಕಾಣುವಂತೆ ನಿಂತು ಪಾಠ ಹೇಳುವುದು. ದೃಷ್ಟಿ ಮಂದವಾದ ಮಗುವಿಗೆ ದೊಡ್ಡ ಅಕ್ಷರ ಬರೆದುಕೊಡುವುದು. ಗಾಲಿಕುರ್ಚಿ ಹೋಗುವಂತೆ ಬಾಗಿಲಿಗೂ ಶೌಚಾಲಯಕ್ಕೂ ಇಳಿಜಾರು ಕಟ್ಟುವುದು. ಆಟದ ಹೊತ್ತಿನಲ್ಲಿ ‘ನೀ ಇಲ್ಲೇ ಕೂಡು’ ಅನ್ನದಿರುವುದು. ಇವುಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಬೇಕಿಲ್ಲ, ಮನಸ್ಸು ಬೇಕು.

ಇದು ಆಗದ ಮಾತಲ್ಲ. ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಎ.ಪಿ.ಡಿ. ಎಂಬ ಸಂಸ್ಥೆ ಆರಂಭಿಸಿದರು. ಅವರು ಸ್ವತಃ ಅಂಗವಿಕಲರು. ಆ ಸಂಸ್ಥೆ ತನ್ನ ಶ್ರದ್ಧಾಂಜಲಿ ಶಾಲೆಯಲ್ಲಿ ಅಂಗವಿಕಲ ಮಕ್ಕಳನ್ನೂ ಇತರ ಮಕ್ಕಳನ್ನೂ ಒಟ್ಟಿಗೆ ಕಲಿಸಿ ತೋರಿಸಿತು.

ಮನೆಯೇ ಶಾಲೆ ಆಗಿಬಿಡಬಾರದು

ತೀವ್ರ ಅಂಗವಿಕಲತೆ ಇರುವ ಮಗುವಿಗೆ ಮನೆ ಆಧಾರಿತ ಶಿಕ್ಷಣದ ಅವಕಾಶವನ್ನು 2012ರ ತಿದ್ದುಪಡಿ ಕೊಟ್ಟಿದೆ. ಹಾಸಿಗೆ ಬಿಟ್ಟು ಏಳಲಾಗದ ಮಗುವಿಗೆ ಇದು ದೊಡ್ಡ ಆಸರೆ. ಆದರೆ ಕಾನೂನು ಇದನ್ನು ಆಯ್ಕೆ ಎಂದು ಕೊಟ್ಟಿದೆಯೇ ಹೊರತು ಮಗುವನ್ನು ಶಾಲೆಯಿಂದ ದೂರ ಇಡುವ ನೆಪವಾಗಿ ಅಲ್ಲ. ‘ಮನ್ಯಾಗ ಇರ್ಲಿ ಬಿಡ್ರಿ, ಟೀಚರ್ ಬಂದು ಹೋಗ್ತಾರ’ ಎಂದು ಸುಮ್ಮನಾಗುವ ಮುನ್ನ ಒಮ್ಮೆ ಕೇಳಿಕೊಳ್ಳಿ. ಗಾಲಿಕುರ್ಚಿ ಸಿಕ್ಕರೆ, ಕರೆದೊಯ್ಯಲು ಒಬ್ಬರು ಜೊತೆಗಿದ್ದರೆ, ಈ ಮಗು ವಾರದಲ್ಲಿ 2 ದಿನವಾದರೂ ಶಾಲೆಗೆ ಹೋಗಲಾರದೆ? ಪಾಠ ಮನೆಯಲ್ಲಿ ಸಿಕ್ಕೀತು, ಗೆಳೆಯರು ಸಿಗುವುದಿಲ್ಲ.

ಯಾರು ಏನು ಮಾಡಬಹುದು?

ತಂದೆ-ತಾಯಿಗಳು: ಮಗು ತಕ್ಕ ವಯಸ್ಸಿಗೆ ಕತ್ತು ನಿಲ್ಲಿಸದಿದ್ದರೆ, ಸದ್ದಿಗೆ ತಿರುಗದಿದ್ದರೆ, ಮಾತಾಡದಿದ್ದರೆ ‘ಮುಂದ ಸರಿ ಹೋಗತೈತಿ’ ಅಂತ ಕಾಯಬೇಡಿ. ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ವೈದ್ಯರ ತಂಡ ತಪಾಸಣೆ ಮಾಡುತ್ತದೆ. ವ್ಯಾಯಾಮ ಚಿಕಿತ್ಸೆ ಬೇಗ ಶುರುವಾದಷ್ಟೂ ಫಲ ಹೆಚ್ಚು. ಯು.ಡಿ.ಐ.ಡಿ. ಕಾರ್ಡ್ ಮಾಡಿಸಿ. ಮಾಸಾಶನ, ಸಾಧನ ಸಲಕರಣೆ, ವಿದ್ಯಾರ್ಥಿವೇತನ ಕೇಳುವಾಗ ಅದು ಬೇಕಾಗುತ್ತದೆ.

ಶಿಕ್ಷಕರು: ತಾಲ್ಲೂಕಿನ ಬಿ.ಆರ್.ಸಿ. ಕಚೇರಿಯ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರನ್ನು ಸಂಪರ್ಕಿಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಇಂಥ ಸೌಲಭ್ಯಗಳನ್ನು ಪಾಲಕರಿಗೆ ಮೊದಲೇ ತಿಳಿಸಿ.

ಗ್ರಾಮ ಪಂಚಾಯತಿ: ಅನುದಾನದಲ್ಲಿ ಶೇಕಡಾ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು. ಆ ಹಣ ಎಲ್ಲಿ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಕೇಳುವುದು ತಪ್ಪಲ್ಲ. ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ನೆರವಾಗುತ್ತಾರೆ.

ಸ್ವ-ಸಹಾಯ ಸಂಘಗಳು: ವಾರದ ಸಭೆಗೆ ಅಂಗವಿಕಲ ಮಗುವಿನ ತಾಯಿಯನ್ನು ಕರೆಯಿರಿ. ಆಕೆ ಆಸ್ಪತ್ರೆಗೆ ಹೋಗುವ ದಿನ ಒಬ್ಬರು ಜೊತೆಗೆ ಹೋಗಿ. ಎಷ್ಟೋ ಅರ್ಜಿಗಳು ಅರ್ಧಕ್ಕೆ ನಿಲ್ಲುವುದು ಒಂದು ದಿನದ ಕೂಲಿ ಹೋಗುತ್ತದೆಂಬ ಕಾರಣಕ್ಕೆ.

ಸೇವಾ ಸಂಸ್ಥೆಗಳು ದಾರಿ ತೋರಿಸಬಹುದು, ಆದರೆ ಮಗುವಿನ ಕೈ ಹಿಡಿದು ದಿನಾ ಶಾಲೆಗೆ ಕರೆದೊಯ್ಯಬೇಕಾದವರು ಓಣಿಯವರೇ. ಈ ಕರಪತ್ರ ಓದಿದ ಮೇಲೆ ನಿಮ್ಮ ಓಣಿಯ ಮನೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಹಗಲು ಹೊತ್ತಿನಲ್ಲಿ ಒಳಗೆ ಉಳಿದಿರುವ ಮಗು ಇದೆಯೇ? ನಾಳೆ ಶಾಲೆಯ ಗಂಟೆ ಹೊಡೆಯುವ ಮುನ್ನ ಆ ಮನೆಯ ಬಾಗಿಲಿಗೆ ಹೋಗಿ, ‘ಬಾರಪಾ, ಸಾಲಿಗೆ ಹೋಗೂಣು’ ಎಂದು ಕರೆಯಿರಿ.