ಹೊಟ್ಟೆಯ ಗೋಡೆಗೆ ಒಂದು ತಿಂಗಳ ಸಿದ್ಧತೆ

ತುಂಬಿ ತುಳುಕುವ ಟ್ರಂಕಿನ ಮುಚ್ಚಳವನ್ನು ಮೊಣಕಾಲೂರಿ ಮುಚ್ಚಿದ ಅನುಭವ ನಿಮ್ಮಲ್ಲಿ ಹಾಸ್ಟೆಲಿನವರಿಗೆ ಇದ್ದೇ ಇರುತ್ತದೆ. ದೊಡ್ಡ ಹರ್ನಿಯಾದ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಮಾಡಬಾರದ್ದು ಇದನ್ನೇ.

ಹಿಂದೆಂದೋ ಹೊಟ್ಟೆ ಕೊಯ್ದು ಹೊಲಿದ ಜಾಗ ದುರ್ಬಲವಾದರೆ ಕರುಳು ಅಲ್ಲಿಂದ ಚರ್ಮದಡಿಗೆ ಉಬ್ಬಿ ಬರುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಪಕ್ಕದ ಸ್ನಾಯುಗಳು ಕುಗ್ಗಿ, ಒಳಗಿನ ಜಾಗವೇ ಕಿರಿದಾಗುತ್ತದೆ. ಆಗ ಕರುಳನ್ನು ತುರುಕಿ ಹೊಲಿದರೆ ಒಳಗಿನ ಒತ್ತಡ ಏರುತ್ತದೆ. ವಪೆ ಮೇಲಕ್ಕೊತ್ತಿ ಉಸಿರಾಟ ಕಷ್ಟವಾಗುತ್ತದೆ; ಮೂತ್ರಪಿಂಡಗಳಿಗೆ ರಕ್ತ ಸಾಲದೆ ಪ್ರಾಣಕ್ಕೂ ಕುತ್ತು ಬರಬಹುದು.

1940ರ ದಶಕದಲ್ಲಿ ಅರ್ಜೆಂಟೀನದ ಗೋನ್ಯಿ ಮೊರೆನೊ ಎಂಬ ವೈದ್ಯರು ಹೊಟ್ಟೆಯೊಳಕ್ಕೆ ದಿನದಿನವೂ ಗಾಳಿ ತುಂಬಿ ಜಾಗ ಹಿಗ್ಗಿಸಿದರು. ಇತ್ತೀಚಿನ ಉಪಾಯ ಬೊಟುಲಿನಮ್ ವಿಷ. ಹೌದು, ಕೆಟ್ಟ ಡಬ್ಬಿ ಆಹಾರದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ಮಾರಕ ವಿಷವೇ! ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬರದಂತೆ ಅದು ತಡೆಯುತ್ತದೆ. ಆ ಸಂದೇಶ ಸಿಗದ ಸ್ನಾಯು ಬಿಗಿಯಲಾರದು.

ಶಸ್ತ್ರಚಿಕಿತ್ಸೆಗೆ ಸುಮಾರು 4 ವಾರ ಮೊದಲು, ಅಲ್ಟ್ರಾಸೌಂಡ್ ಪರದೆ ನೋಡುತ್ತ, ಹೊಟ್ಟೆಯ ಎರಡೂ ಪಕ್ಕಗಳ ಸ್ನಾಯು ಪದರಗಳಿಗೆ ಅತ್ಯಲ್ಪ ಪ್ರಮಾಣದಲ್ಲಿ ಇದನ್ನು ಚುಚ್ಚುತ್ತಾರೆ. ಮುಂಭಾಗದ ನೀಳ ಸ್ನಾಯುಗಳನ್ನು ಮುಟ್ಟುವುದಿಲ್ಲ. ಪದರಗಳು ತೆಳ್ಳಗಾಗಿ ಉದ್ದವಾಗುತ್ತವೆ. ಸೀಳಿನ ಅಂಚುಗಳು ಹೆಚ್ಚು ಎಳೆತವಿಲ್ಲದೆ ಕೂಡುತ್ತವೆ. ಈ ನಡುವೆ ಜೋರಾಗಿ ಕೆಮ್ಮಲು ರೋಗಿಗೆ ಬಲ ಸಾಲದು, ಅದೊಂದು ಕಿರಿಕಿರಿ. ಸಣ್ಣ ಹರ್ನಿಯಾಗಳಿಗಂತೂ ಇಷ್ಟೆಲ್ಲ ಬೇಕಿಲ್ಲ.

ಮದ್ದಿನ ಪ್ರಭಾವ ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿದು ಸ್ನಾಯುಗಳಿಗೆ ಬಲ ಮರಳುತ್ತದೆ. ಅಷ್ಟು ಹೊತ್ತಿಗೆ, ಹೊಲಿದ ಗಾಯ ಕೂಡಿಕೊಳ್ಳಲು ಬೇಕಾದ ಕಾಲ ಸಿಕ್ಕಿರುತ್ತದೆ.